ಕರಿಯನ ಬೆನ್ನಿನ ಕೆಂಪು

ಶಾಮಿಯಾನಕ್ಕೆ ನಾಲ್ಕೂವರೆ ಸಾವಿರ. ಮೈಕ್ ಸೆಟ್ಟಿಗೆ ಒಂದೂವರೆ ಸಾವಿರ. ಇನ್ನೂರು ಜನಕ್ಕೆ ಅನ್ನ, ಹುರುಳಿಕಾಳಿನ ಸಾರು, ಒಂದು ಪಲ್ಯ, ಮಜ್ಜಿಗೆ ಅಂತ ಅಡಿಗೆಯವನು ಹನ್ನೊಂದು ಸಾವಿರಕ್ಕೆ ಒಪ್ಪಿಕೊಂಡಿದ್ದ. ಬ್ಯಾನರ್ ಎರಡಕ್ಕೆ ಸಾವಿರದ ಇನ್ನೂರು, ಗೆದ್ದವರಿಗೆ ಕೊಡುವ ಮೂರು ಕಪ್‌ಗಳಿಗೆ ಸಾವಿರದ ಎಂಟುನೂರು. ಗೂಟ, ಹಗ್ಗ, ಕುರಿಗಳಿಗೆ ಹಾಕುವ ಸೊಪ್ಪು ಮನೆಮನೆಯಿಂದ ಬಂದವು, ಅವಕ್ಕೆ ಕಾಸಿಲ್ಲ. ಎಲ್ಲ ಕೂಡಿ ಇಪ್ಪತ್ತು ಸಾವಿರ. ಗಾವಡಗೆರೆ ಕಡೆಯ ಕುರಿ ಸಾಕುವ ಹೆಂಗಸರ ಸಂಘದಲ್ಲಿ ಇದ್ದವರು ಇಪ್ಪತ್ತು ಜನ. ತಲೆಗೆ ಒಂದು ಸಾವಿರ ಬಿತ್ತು. ಇಷ್ಟನ್ನೂ ಸಂಘದ ಅಧ್ಯಕ್ಷೆ ಚಾಮುಂಡಮ್ಮ ನೋಟ್‌ಬುಕ್ಕಿನಲ್ಲಿ ತನ್ನ ಕೈಯಾರೆ ಬರೆದಿದ್ದಳು. ಬರೆಯದೆ ಬಿಟ್ಟದ್ದು ಒಂದೇ: ತಲೆಕೂದಲಿಗೆ ಹಚ್ಚುವ ಕರಿ ಬಣ್ಣದ ಪ್ಯಾಕೆಟ್ ಆರು, ಒಂದಕ್ಕೆ ಹದಿನೈದರಂತೆ ತೊಂಬತ್ತು ರೂಪಾಯಿ. ಅದನ್ನು ಊರಿನ ಅಂಗಡಿಯಲ್ಲಿ ಕೊಳ್ಳದೆ, ಬ್ಯಾನರ್ ತರಲು ಹುಣಸೂರಿಗೆ ಹೋದ ದಿನ ಬಸ್ ಸ್ಟ್ಯಾಂಡಿನ ಪಕ್ಕ ಕೊಂಡು, ಚೀಲದ ತಳಕ್ಕೆ ಹಾಕಿ, ಮೇಲೆ ಸೊಪ್ಪು ಮುಚ್ಚಿಕೊಂಡು ಬಂದಿದ್ದಳು.

ಪ್ರದರ್ಶನ ಇಟ್ಟದ್ದು ಬರೀ ಚಂದಕ್ಕಲ್ಲ. ಆ ಕಡೆ ಕುರಿಯನ್ನು ಮಾಂಸಕ್ಕೆ ಕೇಳುತ್ತಾರೆ, ಗೊಬ್ಬರಕ್ಕೆ ಕೇಳುತ್ತಾರೆ, ಉಣ್ಣೆಯನ್ನು ಕೇಳುವವರಿಲ್ಲ. ಕತ್ತರಿಸುವವನಿಗೆ ಕೊಡುವ ಕೂಲಿಯೂ ಉಣ್ಣೆಯಿಂದ ಹುಟ್ಟುತ್ತಿರಲಿಲ್ಲ. ಎಷ್ಟೋ ಮನೆಗಳಲ್ಲಿ ಅದನ್ನು ತಿಪ್ಪೆಗೆ ಹಾಕುತ್ತಿದ್ದರು. ಹೀಗಿರುವಾಗ ಮೈಸೂರಿನಿಂದ ಉಷಾರಾಣಿ ಎಂಬಾಕೆ ಬಂದಳು. ಬಣ್ಣ ಹಾಕದ ಉಣ್ಣೆಯಲ್ಲಿ ಶಾಲು, ನೆಲಹಾಸು ನೇಯಿಸಿ ಮಾರುವವಳು. ಕರಿ, ಕೆಂಚು, ಬೂದು, ಕುರಿ ಯಾವ ಬಣ್ಣದಲ್ಲಿ ಹುಟ್ಟಿತೋ ಆ ಬಣ್ಣದ ಉಣ್ಣೆಗೆ ಕೆಜಿಗೆ ತೊಂಬತ್ತು ರೂಪಾಯಿ ಕೊಡುತ್ತೇನೆ ಅಂದಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಆದ್ರೆ ಒಂದು ಮಾತು," ಅಂದಿದ್ದಳು ಉಷಾರಾಣಿ. "ಬಣ್ಣ ಹಾಕಿದ ಉಣ್ಣೆ ನನಗೆ ಎಲ್ಲಿ ಬೇಕಾದ್ರೂ ಸಿಗುತ್ತೆ. ಒಂದೇ ಒಂದು ಕುರಿ ಮೇಲೆ ಬಣ್ಣ ಕಂಡ್ರೂ ನಾನು ಈ ಕಡೆಯಿಂದ ತಗೊಳ್ಳಲ್ಲ. ನನ್ನ ಹತ್ರ ಕೊಳ್ಳೋರಿಗೆ ನಾನು ಮಾತು ಕೊಟ್ಟಿರ್ತೀನಿ."

ಪ್ರದರ್ಶನ ಮಾಡೋಣ, ಎಲ್ಲ ಕುರಿಗಳನ್ನೂ ನಿಮ್ಮ ಕಣ್ಣೆದುರಿಗೇ ನಿಲ್ಲಿಸುತ್ತೇವೆ, ನೀವೇ ಬಂದು ನೋಡಿ ಎಂದವಳು ಚಾಮುಂಡಮ್ಮನೇ. ಕರಪತ್ರದಲ್ಲಿ ಮೊದಲ ನಿಯಮ ಬರೆಸಿದವಳೂ ಅವಳೇ: ಬಣ್ಣ ಹಚ್ಚಿದ ಕುರಿಯನ್ನು ಆ ಕ್ಷಣವೇ ಹೊರಗೆ ಕಳಿಸಲಾಗುವುದು.

ಎಡವಟ್ಟಾದದ್ದು ಬ್ಯಾನರಿನಿಂದ. ಅದರ ಮೇಲೆ ಹಾಕಲು ಒಳ್ಳೆಯ ಕುರಿಯ ಫೋಟೋ ಬೇಕಾಗಿತ್ತು. ಚಾಮುಂಡಮ್ಮನ ಮನೆಯ ಟಗರು ಕರಿಯನ ಫೋಟೋ ಫೋನಿನಲ್ಲಿತ್ತು. ದಸರೆಗೆ ಮುಂಚೆ ಉಣ್ಣೆ ಕತ್ತರಿಸಿದ ಮಾರನೆಯ ದಿನ ತೆಗೆದದ್ದು, ಕಾಡಿಗೆಯ ಹಾಗೆ ಮಿರಮಿರ ಮಿಂಚುತ್ತಿತ್ತು. ಅದನ್ನೇ ಕೊಟ್ಟಳು. ಈಗ ಫೆಬ್ರವರಿ. ಐದು ತಿಂಗಳು ಬಿಸಿಲಿನಲ್ಲಿ ಮೇದು ಕರಿಯನ ಬೆನ್ನು ತುಕ್ಕು ಹಿಡಿದ ತಗಡಿನ ಬಣ್ಣಕ್ಕೆ ತಿರುಗಿತ್ತು. ಬ್ಯಾನರ್ ಕಟ್ಟಿದ ದಿನವೇ ಹಾಲು ಡೈರಿಯ ಮುಂದೆ ನಿಂತಿದ್ದವರು ಶುರುಮಾಡಿದರು. "ಏನಕ್ಕ, ಬ್ಯಾನರಲ್ಲಿರೋದು ನಿನ್ ಟಗರ, ಅದ್ರ ಅಣ್ಣನ?" "ಕರಿಯ ಅಂತ ಎಸ್ರು ಯಾಕಿಟ್ಟಿದ್ದೀಯ, ಕೆಂಚಯ್ಯ ಅಂತ ಕರಿ!"

ಅವರು ನಕ್ಕು ಮರೆತರು. ಚಾಮುಂಡಮ್ಮ ಮರೆಯಲಿಲ್ಲ. ಅಧ್ಯಕ್ಷೆಯ ಕುರಿಯೇ ಹೀಗಿದ್ದರೆ ಉಷಾರಾಣಿ ಏನೆಂದುಕೊಂಡಾಳು ಅನ್ನುವುದು ತಲೆಯೊಳಗೆ ಕೊರೆಯಿತು. ಬಿಳಿ ಕುರಿಯನ್ನೇನೂ ಕರಿ ಮಾಡುತ್ತಿಲ್ಲವಲ್ಲ, ಕರಿಯದನ್ನೇ ಕರಿ ಮಾಡಿದರೆ ಅದು ಮೋಸ ಹೇಗಾದೀತು ಅಂತ ತನಗೆ ತಾನೇ ಹೇಳಿಕೊಂಡಳು. ಪ್ರದರ್ಶನದ ಹಿಂದಿನ ಮಧ್ಯಾಹ್ನ ಹಿತ್ತಲ ಬಾಗಿಲು ಹಾಕಿಕೊಂಡು ಬಣ್ಣ ಕಲಸಿದಳು. ಗಂಡ ನಿಂಗಯ್ಯ ಟಗರಿನ ಕೊಂಬು ಹಿಡಿದು ಕೂತ.

"ನನ್ ತಲೆ ಬೆಳ್ಳಗಾಗಿ ಅತ್ತು ವರ್ಸ ಆಯ್ತು," ಅಂದ ನಿಂಗಯ್ಯ. "ಒಂದಿನನಾದ್ರೂ ಒಂದ್ ಪಾಕೀಟು ತಂದ್ಯಾ? ಇವ್ನಿಗೆ ಆರು!"

"ನಿನ್ನನ್ನ ಯಾರು ನೋಡಕ್ಕೆ ಬತ್ತಾರೆ? ಸುಮ್ಕೆ ಇಡ್ಕೊ."

"ಅಲ್ಲ ಕಣಮ್ಮಿ, ನೀನೇ ಬರ್ಸಿದ್ದೀಯಲ್ಲ, ಬಣ್ಣ ಅಚ್ಚಿದ್ರೆ ಒರಗೆ ಅಂತ."

"ಅದು ಮೋಸ ಮಾಡೋರ್ಗೆ."

ನಿಂಗಯ್ಯ ಕೊಂಬನ್ನು ಇನ್ನಷ್ಟು ಬಿಗಿಯಾಗಿ ಹಿಡಿದ. ಟಗರು ವಾಸನೆಗೆ ಸೀನಿತು. ಮುಕ್ಕಾಲು ಗಂಟೆ ಬಿಟ್ಟು ತೊಳೆದಾಗ ಕರಿಯ ಬ್ಯಾನರಿನೊಳಗಿಂದ ಇಳಿದು ಬಂದವನ ಹಾಗೆ ನಿಂತಿದ್ದ. ಒದ್ದೆ ಬಟ್ಟೆಯಲ್ಲಿ ಒರಸಿ ನೋಡಿದಳು. ಚೂರೂ ಬಣ್ಣ ಬಿಡಲಿಲ್ಲ. ಅವಳಿಗೆ ಸಮಾಧಾನವಾಯಿತು. ಯಾಕೆಂದರೆ ನಾಳೆ ಬಾಗಿಲಲ್ಲಿ ಎಲ್ಲ ಕುರಿಗೂ ಅದೇ ಪರೀಕ್ಷೆ ಇತ್ತು, ಮಾಡುವವಳೂ ಅವಳೇ.

ಭಾನುವಾರ ಬೆಳಿಗ್ಗೆ ಕೆರೆ ಏರಿಯ ಕೆಳಗಿನ ಬಯಲಿಗೆ ಕುರಿಗಳು ಬರತೊಡಗಿದವು. ಹುಣಸೂರಿನ ಸುತ್ತಲಿಂದ ನಡೆಸಿಕೊಂಡು ಬಂದವು, ಪಿರಿಯಾಪಟ್ಟಣ, ಕೆ.ಆರ್. ನಗರದ ಕಡೆಯಿಂದ ಗೂಡ್ಸ್ ಆಟೋದಲ್ಲಿ ಬಂದವು, ಎಲ್ಲ ಸೇರಿ ನಲವತ್ತೊಂದು. ಎಲ್ಲಕ್ಕಿಂತ ದೂರದಿಂದ ಬಂದವಳು ಸರಗೂರಿನ ಮಲ್ಲಾಜಮ್ಮ. ಎರಡು ವರ್ಷದ ಹಿಂದೆ ಮೈಸೂರಿನಲ್ಲಿ ಕುರಿ ಸಾಕಣೆಯ ತರಬೇತಿ ಆದಾಗ ಅವಳೂ ಚಾಮುಂಡಮ್ಮನೂ ಮೂರು ದಿನ ಒಂದೇ ಕೋಣೆಯಲ್ಲಿದ್ದರು, ಅಂದಿನಿಂದ ಫೋನಿನ ಗೆಳೆತನ. "ಅಷ್ಟು ದೂರ ಕುರಿ ಕಟ್ಕೊಂಡು ಎಲ್ ಬರ್ಲಿ ಕಣಕ್ಕ" ಅಂತ ಮಲ್ಲಾಜಮ್ಮ ಎರಡು ಸಲ ಹೇಳಿದರೂ, ಮೂರನೆಯ ಸಲ ಫೋನ್ ಮಾಡಿ ಒಪ್ಪಿಸಿದವಳು ಚಾಮುಂಡಮ್ಮ. ಸರಗೂರು, ಕೋಟೆ ಕಡೆಯಿಂದ ಒಬ್ಬರೂ ಬರದಿದ್ದರೆ ನಾಲ್ಕು ತಾಲ್ಲೂಕಿನ ಪ್ರದರ್ಶನ ಅಂತ ಬ್ಯಾನರಿನಲ್ಲಿ ಹಾಕಿದ್ದು ಸುಳ್ಳಾಗುತ್ತಿತ್ತು.

ಮಲ್ಲಾಜಮ್ಮನ ಕುರಿ ಕೆಂಚು ಬಣ್ಣದ್ದು. ಹಣ್ಣಾದ ಹುಣಸೆಯ ಬಣ್ಣ, ಕಾಲಿನಿಂದ ಕಿವಿಯ ತನಕ ಒಂದೇ ಸಮ. ಅದನ್ನು ಇಳಿಸಿದಾಗ ಸುತ್ತ ನಿಂತಿದ್ದವರು ಮಾತು ನಿಲ್ಲಿಸಿ ನೋಡಿದರು. ಚಾಮುಂಡಮ್ಮನೂ ನೋಡಿದಳು. ಕರಿಯನನ್ನು ಮೀರಿಸುವ ಕುರಿ ಇದೊಂದೇ ಅಂತ ಅವಳಿಗೆ ಅನ್ನಿಸಿದ್ದೂ ನಿಜ.

ಸಂಘದ ಕಾರ್ಯದರ್ಶಿ, ಇನ್ನೂ ಮೂವತ್ತಾಗದ ಪದ್ಮಶ್ರೀ, ಬಾಗಿಲಲ್ಲಿ ಹೆಸರು ಬರೆದುಕೊಳ್ಳುತ್ತಿದ್ದಳು. ಚಾಮುಂಡಮ್ಮ ಒದ್ದೆ ಬಿಳಿ ಬಟ್ಟೆಯಲ್ಲಿ ಕುರಿಯ ಕತ್ತು, ಬೆನ್ನು ಉಜ್ಜುತ್ತಿದ್ದಳು. ಉಷಾರಾಣಿ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದಳು. ಕೆಂಚು ಕುರಿಯ ಹೆಗಲ ಹತ್ತಿರ ಉಜ್ಜಿದಾಗ ಬಟ್ಟೆಗೆ ಕೆಂಪು ಹತ್ತಿತು.

"ಅದು ಕಾವಿ ಕಣಕ್ಕ," ಅಂದಳು ಮಲ್ಲಾಜಮ್ಮ ನಗುತ್ತಲೇ. "ನಮ್ ಮಂದೆ ಗುರ್ತು. ಎರಡ್ ದಪ ತೊಳ್ದೆ, ಇನ್ನೂ ಅಂಗೇ ಅದೆ ನೋಡು."

ಮಂದೆಗಳು ಬೆರೆತಾಗ ತಮ್ಮ ಕುರಿ ಗೊತ್ತಾಗಲೆಂದು ಹೆಗಲಿಗೋ ಸೊಂಟಕ್ಕೋ ಕಾವಿ ಬಳಿಯುವುದು ಕುರಿ ಸಾಕುವ ಎಲ್ಲರೂ ಮಾಡುವ ಕೆಲಸ. ಚಾಮುಂಡಮ್ಮನ ಕುರಿಗಳ ಸೊಂಟದ ಮೇಲೂ ಅದೇ ಕಾವಿ ಇರುತ್ತಿತ್ತು. ಅದರ ಬಣ್ಣ, ಬೆರಳಿಗೆ ಸಿಗುವ ಅದರ ಹುಡಿ, ಅವಳಿಗೆ ಗೊತ್ತಿಲ್ಲದ್ದಲ್ಲ. ಆದರೆ ಉಷಾರಾಣಿ ಕುರ್ಚಿಯಿಂದ ಎದ್ದು ಬಂದು ಬಟ್ಟೆಯನ್ನು ನೋಡುತ್ತಿದ್ದಳು. "ಇದೇನಿದು, ಬಣ್ಣನಾ?" ಅಂತ ಆ ಮಾತನ್ನು ಆಕೆ ಆಡಿದ ಕೂಡಲೇ ಚಾಮುಂಡಮ್ಮನಿಗೆ ತನ್ನ ಹಿತ್ತಲನ್ನೇ ಯಾರೋ ಬಗ್ಗಿ ನೋಡಿದ ಹಾಗಾಯಿತು. ಬಾಯಿಂದ ಬಂದದ್ದು ಬೇರೆಯೇ ಮಾತು.

"ನಮ್ಮಲ್ಲಿ ಇಂಥಾದ್ದು ನಡೆಯಕ್ಕಿಲ್ಲ ಮೇಡಂ. ನಿಯಮ ಅಂದ್ರೆ ನಿಯಮ." ಮೈಕ್ ಕೈಗೆ ತೆಗೆದುಕೊಂಡಳು. "ಸರಗೂರಿನಿಂದ ಬಂದಿರೋ ಕುರಿಯ ಮೇಲೆ ಬಣ್ಣ ಸಿಕ್ಕಿದೆ. ಅದನ್ನು ಪ್ರದರ್ಶನದಿಂದ ಹೊರಗೆ ಇಟ್ಟಿದ್ದೇವೆ."

ನಾಲ್ಕು ದಿಕ್ಕಿನ ಸ್ಪೀಕರಿನಲ್ಲೂ ಆ ಮಾತು ಹೋಯಿತು. ಮಲ್ಲಾಜಮ್ಮನ ಮುಖದ ಮೇಲಿನ ನಗು ಹಾಗೇ ಸ್ವಲ್ಪ ಹೊತ್ತು ಉಳಿದು, ಆಮೇಲೆ ಆರಿತು. ಅವಳು ಜಗಳವಾಡಲಿಲ್ಲ. ಕುರಿಯನ್ನು ಹಿಡಿದುಕೊಂಡು ಹೋಗಿ ಬಯಲಿನ ಅಂಚಿನ ಹೊಂಗೆ ಮರಕ್ಕೆ ಕಟ್ಟಿ, ಅದರ ಪಕ್ಕ ಕೂತಳು. ಆಟೋದವನು ನಾಲ್ಕು ಗಂಟೆಗೆ ಬರುತ್ತೇನೆಂದು ಹೇಳಿ ಹೋಗಿದ್ದ. ಅಲ್ಲಿಯ ತನಕ ಎಲ್ಲಿಗೂ ಹೋಗುವಂತಿರಲಿಲ್ಲ, ಎಲ್ಲರಿಗೂ ಕಾಣುವ ಹಾಗೆ ಕೂತಿರಬೇಕಾಗಿತ್ತು. ಹಾದು ಹೋಗುವವರು "ಇದೇ ಅಂತೆ ಕಣ್ರೋ ಬಣ್ಣದ್ದು" ಅಂದರು. ಒಬ್ಬಳು ಹೆಂಗಸು ಕುರಿಯನ್ನು ಮುಟ್ಟಿ ಬೆರಳು ನೋಡಿಕೊಂಡಳು.

ತೀರ್ಪು ಕೊಡಲು ಪಿರಿಯಾಪಟ್ಟಣದ ಕಡೆಯ ಸಾಕಮ್ಮನನ್ನು ಕರೆಸಿದ್ದರು. ಎಪ್ಪತ್ತೆರಡು ವರ್ಷ, ಕಂಬಳಿ ನೇಯುವ ಮನೆಯ ಹೆಣ್ಣು, ಬುದ್ಧಿ ತಿಳಿದಾಗಿನಿಂದ ಉಣ್ಣೆ ನೂತವಳು. ಅವಳು ಕುರಿಯ ನಿಲುವು, ಕೊಂಬು ನೋಡಲಿಲ್ಲ. ಪ್ರತಿ ಕುರಿಯ ಬೆನ್ನ ಮೇಲೂ ಎರಡು ಕೈಯಿಂದ ಉಣ್ಣೆಯನ್ನು ಬೈತಲೆ ತೆಗೆದ ಹಾಗೆ ಸೀಳಿ ಬುಡ ನೋಡುತ್ತಿದ್ದಳು; ಒಂದೆಳೆ ಕಿತ್ತು ಹೆಬ್ಬೆರಳು ತೋರುಬೆರಳಿನ ನಡುವೆ ಹೊಸೆಯುತ್ತಿದ್ದಳು. ಅವಳು ಹೇಳಿದ ಅಂಕಿಯನ್ನು ಪದ್ಮಶ್ರೀ ಬರೆದುಕೊಳ್ಳುತ್ತಿದ್ದಳು.

ಕರಿಯನ ಮುಂದೆ ಸಾಕಮ್ಮ ನಿಂತಾಗ ಸುತ್ತ ಜನ ಸೇರಿತ್ತು. ಬ್ಯಾನರಿನ ಟಗರು ಅಂತ ಎಲ್ಲರಿಗೂ ಕುತೂಹಲ. ಸಾಕಮ್ಮ ಉಣ್ಣೆ ಸೀಳಿದಳು. ಬುಡ ನೋಡಿದಳು, ತುದಿ ನೋಡಿದಳು. ಒಂದೆಳೆ ಹೊಸೆದಳು. ಮತ್ತೆ ಇನ್ನೊಂದು ಕಡೆ ಸೀಳಿದಳು. "ನೀನು ಬರ್ಕೊಳೋದ್ನ ನಿಲ್ಸು ಮಗ, ನೀರ್ ತತ್ತಾ ಓಗು" ಅಂತ ಪದ್ಮಶ್ರೀಯನ್ನು ಕಳಿಸಿ, ಚಾಮುಂಡಮ್ಮನನ್ನು ಹತ್ತಿರ ಕರೆದು ಸಣ್ಣ ದನಿಯಲ್ಲಿ ಕೇಳಿದಳು.

"ಇದ್ನ ಕಟ್ಟಾಕಿ ಮೇಯಿಸ್ತಿದ್ರೇನವ್ವ, ಬಯಲ್ಗೆ ಬುಡ್ತಿದ್ರೋ?"

"ದಿನಾ ಬಯಲ್ಗೇ ಬುಡೋದು ಕಣಮ್ಮ," ಅಂದಳು ಚಾಮುಂಡಮ್ಮ.

"ಬಿಸ್ಲು ಕಂಡ ಕರಿ ಉಣ್ಣೆ ತುದೀಲಿ ಕೆಂಪಾಯ್ತದೆ. ಬುಡ ಕರಿ, ತುದಿ ಕೆಂಪು. ಉಟ್ಟಿದ್ದೇ ಕರಿ ಅನ್ನಕ್ಕೆ ಅದ್ಕಿಂತ ಬೇರೆ ಸಾಕ್ಷಿ ಬೇಕಾ? ಬಣ್ಣಕ್ಕಾದ್ರೆ ಬಿಸ್ಲು ಅಂಗೆ ಇಡಿಯಕ್ಕಿಲ್ಲ." ಸಾಕಮ್ಮ ಎಳೆಯನ್ನು ಬೆರಳಿನಿಂದ ಉದುರಿಸಿದಳು. "ಇದು ಚೊಕ್ಕ ಕರಿ ಟಗರು ಕಣವ್ವ. ಇವತ್ತು ಇಲ್ಲಿರೋ ಕುರೀಲಿ ಇಂಥ ಬುಡ ಇನ್ನೊಂದಕ್ಕಿಲ್ಲ. ಅಂಗೇ ಬುಟ್ಟಿದ್ರೆ ನಾನೇ ಮೊದಲ್ನೇದು ಕೊಡ್ತಿದ್ದೆ. ನೀನು ಅದ್ರ ತುದಿ ಮುಚ್ಬುಟ್ಟೆ."

ಚಾಮುಂಡಮ್ಮ ಕರಿಯನ ಬೆನ್ನು ನೋಡಿದಳು. ಮುಚ್ಚಬೇಕೆಂದು ಮುಚ್ಚಿದ್ದು ದೋಷವನ್ನಲ್ಲ, ರುಜುವಾತನ್ನು. ಯಾರೂ ಕೇಳಿಸಿಕೊಂಡಿರಲಿಲ್ಲ. ಸಾಕಮ್ಮ ಅವಳ ಮೊಣಕೈ ತಟ್ಟಿದಳು.

"ಎದ್ರುಕೋಬ್ಯಾಡ. ಮುಂಗಾಲು ಕುಂಟ್ತದೆ ಅಂತ ಎಸ್ರು ಬುಡಿಸ್ತೀನಿ. ನಾನೂ ನಾಕ್ ಜನದ ಮದ್ಯೆ ಬದುಕಿರೋಳೆ. ನಿನ್ ಮಾನ ತೆಗ್ದು ನಂಗೇನಾಗ್ಬೇಕು?" ಅಂದು ಮುಂದಿನ ಕುರಿಗೆ ಹೋದಳು.

ಆ ಮಾತು ಚಾಮುಂಡಮ್ಮನನ್ನು ಬೈದಿದ್ದರೆ ಆಗುತ್ತಿದ್ದುದಕ್ಕಿಂತ ಹೆಚ್ಚು ಸುಟ್ಟಿತು. ಈ ಮುದುಕಿ ತನ್ನ ಮಾನ ಉಳಿಸಿದ್ದು ಕಿವಿಯಲ್ಲಿ ಹೇಳಿ. ತಾನು ಮಲ್ಲಾಜಮ್ಮನದನ್ನು ಕಳೆದದ್ದು ಮೈಕಿನಲ್ಲಿ. ಅವಳು ಹೊಂಗೆ ಮರದ ಕಡೆ ನೋಡಿದಳು. ಮಲ್ಲಾಜಮ್ಮ ತಂದಿದ್ದ ಬುತ್ತಿ ಬಿಚ್ಚಿ ರೊಟ್ಟಿ ಮುರಿಯುತ್ತಿದ್ದಳು. ಶಾಮಿಯಾನದಲ್ಲಿ ಇನ್ನೂರು ಜನಕ್ಕೆ ಎಲೆ ಹಾಕುತ್ತಿದ್ದರು. ಅವಳು ಅಲ್ಲಿಗೆ ಬರಲಿಲ್ಲ, ಯಾರೂ ಕರೆಯಲೂ ಇಲ್ಲ.

ಸುಮ್ಮನಿದ್ದರೆ ಎಲ್ಲ ಸಲೀಸಾಗಿ ಮುಗಿಯುತ್ತಿತ್ತು. ಕುಂಟುವ ಟಗರಿನ ಬಗ್ಗೆ ಯಾರು ಯೋಚಿಸುತ್ತಾರೆ? ಉಷಾರಾಣಿ ಉಣ್ಣೆ ಕೊಳ್ಳುತ್ತಿದ್ದಳು. ಮಾತಾಡಿದರೆ ಹತ್ತೊಂಬತ್ತು ಮನೆಯ ಹೆಂಗಸರ ತೊಂಬತ್ತು ರೂಪಾಯಿಯೂ ತನ್ನ ಜೊತೆ ಮುಳುಗಬಹುದು. ಇದನ್ನೆಲ್ಲ ಚಾಮುಂಡಮ್ಮ ನಿಂತಲ್ಲೇ ಲೆಕ್ಕ ಹಾಕಿದಳು. ಲೆಕ್ಕದಲ್ಲಿ ಅವಳು ಎಂದೂ ದಡ್ಡಿಯಲ್ಲ. ಆದರೆ ಇನ್ನೊಂದು ಗಂಟೆಯಲ್ಲಿ ಆಟೋ ಬರುತ್ತದೆ, ಮಲ್ಲಾಜಮ್ಮ ಆ ಹೆಸರು ಹೊತ್ತುಕೊಂಡೇ ಸರಗೂರಿಗೆ ಹೋಗುತ್ತಾಳೆ, ಅವಳ ಉಣ್ಣೆಯನ್ನು ಮುಂದೆ ಯಾರೂ ಮುಟ್ಟುವುದಿಲ್ಲ. ಆ ಬಾಬ್ತು ಯಾವ ಕಡೆ ಬರೆದರೂ ಸರಿಹೋಗಲಿಲ್ಲ.

ಅವಳು ಹೋಗಿ ಮತ್ತೆ ಮೈಕ್ ಕೈಗೆ ತೆಗೆದುಕೊಂಡಳು.

"ಒಂದ್ ಮಾತು ಯೋಳ್ಬೇಕು," ಅಂದಳು. "ನಮ್ ಟಗರು ಕರಿಯನ್ಗೆ ನಾನು ನೆನ್ನೆ ತಲೆಗೆ ಅಚ್ಚೋ ಬಣ್ಣ ಅಚ್ಚಿದೀನಿ."

ಜನ ಮೊದಲು ತಮಾಷೆ ಅಂದುಕೊಂಡರು. ಊಟಕ್ಕೆ ಕೂತಿದ್ದವನೊಬ್ಬ ಕೂಗಿದ, "ಉಳ್ದಿದ್ರೆ ನಿಂಗಣ್ಣನ ತಲೆಗೂ ಒಂದೀಟು ಅಚ್ಚಕ್ಕ!" ಬಯಲೆಲ್ಲ ನಕ್ಕಿತು. ನಿಂಗಯ್ಯ ಸಾರಿನ ಬಕೆಟ್ ಕೆಳಗಿಟ್ಟು ಓಡಿಬಂದ. "ಅವಳಲ್ಲ, ನಾನೇ ಅಚ್ಚಿದ್ದು! ಅವಳ್ಗೆ ಗೊತ್ತೇ ಇಲ್ಲ!" ಅಂತ ಕೂಗಿದ. ಎಂದೂ ಸುಳ್ಳು ಹೇಳಿ ಅಭ್ಯಾಸವಿಲ್ಲದ್ದರಿಂದ ಅವನ ದನಿ ಎಲ್ಲರಿಗೂ ಸುಳ್ಳೆಂದೇ ಕೇಳಿಸಿತು.

"ಸುಮ್ಕಿರು ನೀನು," ಅಂದಳು ಚಾಮುಂಡಮ್ಮ, ಮೈಕಿನಲ್ಲೇ. "ಅಚ್ಚಿದ್ದು ನಾನು. ಸರಗೂರಿನ ಮಲ್ಲಾಜಮ್ಮನ ಕುರಿ ಮೇಲಿದ್ದಿದ್ದು ಬಣ್ಣ ಅಲ್ಲ, ಕಾವಿ. ನಾನು ನೋಡೋದ್ರಲ್ಲಿ ತಪ್ಪು ಮಾಡ್ದೆ. ಅವಳ ಕುರಿ ಚೊಕ್ಕದು."

ನಗು ನಿಂತಿತು. ಚಾಮುಂಡಮ್ಮ ಮೈಕ್ ಇಟ್ಟು, ಸೀದಾ ಹೊಂಗೆ ಮರದ ಹತ್ತಿರ ನಡೆದಳು. ಎಲೆಯ ಮುಂದೆ ಕೂತವರೆಲ್ಲ ಕತ್ತು ತಿರುಗಿಸಿ ನೋಡಿದರು. ಅಷ್ಟು ಉದ್ದದ ಬಯಲು ಅದೆಂದು ಅವಳಿಗೆ ಅವತ್ತೇ ಗೊತ್ತಾದದ್ದು.

"ಬಾ ಮಲ್ಲಾಜಿ," ಅಂದಳು. "ಕುರಿ ಇಡ್ಕೊಂಡು ಬಾ. ಸಾಕಮ್ಮ ನೋಡ್ತಾರೆ."

ಮಲ್ಲಾಜಮ್ಮ ಏಳಲಿಲ್ಲ. "ಕಾವಿ ಅಂತ ಆಗ್ಲೇ ಯೋಳ್ದೆ. ನೀನೂ ಕುರಿ ಸಾಕೋಳೆ. ನಿಂಗೆ ಕಾವಿ ಗೊತ್ತಾಗ್ಲಿಲ್ವಾ?"

ಇಲ್ಲ ಅನ್ನಲು ಎಷ್ಟು ಹೊತ್ತು ಬೇಕು? ನಾಲಿಗೆಯ ತುದಿಗೆ ಬಂದಿತ್ತು. ಚಾಮುಂಡಮ್ಮ ಕೆಂಚು ಕುರಿಯ ಹೆಗಲು ನೋಡುತ್ತ ನಿಂತಳು.

"ಗೊತ್ತಾಗಿತ್ತು," ಅಂದಳು.

"ಅದ್ನ ನೀನು ಮೈಕಲ್ಲಿ ಯೋಳ್ಲಿಲ್ಲ ಕಣಕ್ಕ. ನೋಡೋದ್ರಲ್ಲಿ ತಪ್ಪಾಯ್ತು ಅಂದೆ." ಮಲ್ಲಾಜಮ್ಮನ ದನಿಯಲ್ಲಿ ಸಿಟ್ಟೂ ಇರಲಿಲ್ಲ. "ಕಣ್ಣು ತಪ್ಪೋದು ಯಾರ್ಗಾದ್ರೂ ಆಯ್ತದೆ, ಬುಡು. ನಂಗೂ ಆಯ್ತದೆ. ಗೊತ್ತಿದ್ದೂ ಅಂದಿದ್ದಕ್ಕೆ ಏನಂತಾರೆ?"

ಚಾಮುಂಡಮ್ಮ ತಿರುಗಿ ಮೈಕಿನ ಹತ್ತಿರ ಬಂದಳು. ಮೊದಲ ಸಲ ಮಾತಾಡುವಾಗ ಒಂದು ಧೈರ್ಯವಿತ್ತು. ತಪ್ಪೊಪ್ಪಿಕೊಳ್ಳುವವರಿಗೆ ಜನ ಕೊಡುವ ಮರ್ಯಾದೆಯ ಮೇಲೆ ಒಂದು ಆಸೆಯಿತ್ತು. ಎರಡನೆಯ ಸಲ ಅದೂ ಇರಲಿಲ್ಲ.

"ಇನ್ನೊಂದ್ ಮಾತು. ಮಲ್ಲಾಜಮ್ಮನ ಕುರಿ ಮೇಲೆ ಕಾವಿ ಅಂತ ನಂಗೆ ಆಗ್ಲೇ ಗೊತ್ತಿತ್ತು. ಗೊತ್ತಿದ್ದೇ ಬಣ್ಣ ಅಂದೆ. ನಾನೇ ಕರ್ಸಿ, ನಾನೇ ಮಾನ ತೆಗ್ದೆ."

ಈ ಸಲ ಯಾರೂ ನಗಲಿಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದ ಅವಳ ಸಂಘದ ಹೆಂಗಸರು ತಲೆ ತಗ್ಗಿಸಿ ಎಲೆಯ ಮೇಲಿನ ಅನ್ನ ಕಲಸತೊಡಗಿದರು. ನಾಚಿಕೆ ಪಟ್ಟದ್ದು ಅವಳೊಬ್ಬಳೇ ಅಲ್ಲ, ಅವರ ಪಾಲಿಗೂ ಅದನ್ನು ಹಂಚಿಬಿಟ್ಟಿದ್ದಳು.

ಉಷಾರಾಣಿ ಚೀಲ ಹೆಗಲಿಗೇರಿಸಿ ಎದ್ದಳು. "ನಾನು ಒಂದೇ ಮಾತು ಹೇಳಿದ್ದೆ ಚಾಮುಂಡಮ್ಮನವರೇ," ಅಂದಳು. ಪದ್ಮಶ್ರೀ ಅಳುವಂತಾಗಿ ಸಾಕಮ್ಮನ ಕಡೆ ನೋಡಿದಳು. ಸಾಕಮ್ಮ ಉಷಾರಾಣಿಯ ಕೈ ಹಿಡಿದು, "ಒಂದ್ಗಳಿಗೆ ಬಾ ತಾಯಿ" ಅಂತ ಕುರಿಗಳ ಸಾಲಿಗೆ ಎಳೆದುಕೊಂಡು ಹೋದಳು. ಒಂದೊಂದು ಕರಿ ಕುರಿಯ ಉಣ್ಣೆಯನ್ನೂ ಸೀಳಿ ತೋರಿಸಿದಳು. "ನೋಡು, ಬುಡ ಕರಿ, ತುದಿ ಕೆಂಪು. ಇದೂ ಅಂಗೇ. ಇಕಾ, ಇದೂನೂ. ಇವ್ರು ಪಾಪ, ಕೆಂಪಾಗ್ಬುಟ್ಟವೆ ಅಂತ ಇಂದಕ್ಕೆ ನಿಲ್ಸವ್ರೆ. ಒಬ್ಳು ಮಾಡಿದ್ದಕ್ಕೆ ಇವ್ರ್ಗ್ಯಾಕೆ?" ಉಷಾರಾಣಿ ತಾನೇ ಸೀಳಿ ನೋಡತೊಡಗಿದಳು. ಹತ್ತು, ಹನ್ನೆರಡು, ಇಪ್ಪತ್ತು ಕುರಿ ನೋಡಿದಳು. ಕೊನೆಗೆ ಚೀಲವನ್ನು ಕುರ್ಚಿಯ ಮೇಲೆ ಇಟ್ಟಳು.

ನಾಲ್ಕಕ್ಕೆ ಸರಿಯಾಗಿ ಆಟೋ ಬಂತು. ಮಲ್ಲಾಜಮ್ಮ ಕುರಿಯನ್ನು ತೀರ್ಪಿಗೆ ನಿಲ್ಲಿಸಲಿಲ್ಲ. ಪದ್ಮಶ್ರೀ ಹೋಗಿ ಕೈಮುಗಿದು ಕರೆದರೂ ಬರಲಿಲ್ಲ. "ಕಪ್ ತಕ್ಕೊಂಡ್ ಓದ್ರೆ, ನನ್ ಬಾಯಿ ಮುಚ್ಚಕ್ಕೆ ಕೊಟ್ರು ಅಂತಾರೆ. ಬ್ಯಾಡ ಕಣವ್ವ," ಅಂದಳು. ಕುರಿಯನ್ನು ಹತ್ತಿಸುವಾಗ ಅದು ಹಿಂದೆ ಸರಿಯಿತು. ಚಾಮುಂಡಮ್ಮ ಓಡಿಹೋಗಿ ಹಿಂಗಾಲಿಗೆ ಕೈಕೊಟ್ಟು ಎತ್ತಿದಳು. ಮಲ್ಲಾಜಮ್ಮ ಬೇಡವೆನ್ನಲಿಲ್ಲ, ಅವಳ ಮುಖವನ್ನೂ ನೋಡಲಿಲ್ಲ. ಆಟೋ ಕೆರೆ ಏರಿಯನ್ನು ಹತ್ತಿ ಹೋಯಿತು.

ಮೊದಲ ಬಹುಮಾನ ಕೆ.ಆರ್. ನಗರದ ಲಕ್ಷ್ಮಿದೇವಿಯ ಬೂದು ಕುರಿಗೆ ಬಂತು. ಮಾರ್ಚ್‌ನಲ್ಲಿ ಉಣ್ಣೆ ಕತ್ತರಿಸಿದಾಗ ಉಷಾರಾಣಿ ಸಂಘದ ಹತ್ತೊಂಬತ್ತು ಮನೆಯದನ್ನು ಕೊಂಡಳು. ಒಂದೇ ಕರಾರು: ತುದಿ ಕತ್ತರಿಸದೆ, ತೊಳೆಯದೆ, ಇದ್ದದ್ದು ಇದ್ದ ಹಾಗೇ ಕೊಡಬೇಕು. ಸರಗೂರಿಗೆ ತಾನೇ ಹೋಗಿ ಮಲ್ಲಾಜಮ್ಮನ ಕೆಂಚು ಉಣ್ಣೆಯನ್ನೂ ತಂದಳು. ಚಾಮುಂಡಮ್ಮನ ಮನೆಯ ಹದಿನಾಲ್ಕು ಕೆಜಿ ಉಣ್ಣೆಯನ್ನು ಕೊಳ್ಳಲಿಲ್ಲ. ಅವಳು ಕೇಳಲೂ ಇಲ್ಲ. ಅಧ್ಯಕ್ಷೆಯ ಜಾಗಕ್ಕೆ ಪದ್ಮಶ್ರೀ ಬಂದಳು. ಚಾಮುಂಡಮ್ಮ ಒಂದು ತಿಂಗಳು ಬಿಟ್ಟು ಸರಗೂರಿನ ಬಸ್ಸು ಹತ್ತಿದಳು. ಮಲ್ಲಾಜಮ್ಮ ಒಳಗೆ ಕರೆದು ಕೂರಿಸಿ, ಕಾಫಿ ಕೊಟ್ಟು, ಬಸ್ಸಿನ ಹೊತ್ತು ಕೇಳಿದಳು. ಬೇರೆ ಏನನ್ನೂ ಕೇಳಲಿಲ್ಲ. ಆಮೇಲೆ ಚಾಮುಂಡಮ್ಮ ಮಾಡಿದ ಫೋನನ್ನು ಅವಳು ಎತ್ತಲಿಲ್ಲ. ಹತ್ತೊಂಬತ್ತು ಮನೆಗೆ ಉಣ್ಣೆಯ ದುಡ್ಡು ಬಂತು, ಮಲ್ಲಾಜಮ್ಮನ ಮೇಲಿದ್ದ ಮಾತು ಹೋಯಿತು. ಚಾಮುಂಡಮ್ಮನ ಪಾಲಿಗೆ ಗೆಳತಿ ಹೋದಳು, ಸಿಕ್ಕಲಿಲ್ಲ.